ಹೆದ್ದಾರಿಯಲ್ಲಿ ಗುಂಯ್‌ಗುಡುವ ಕಾರು

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ, ಅಂದರೆ ಓಡುವಾಗ ಕಾರಿನೊಳಗೆ ತುಂಬಿಕೊಳ್ಳುವ ಗುಂಯ್ ಸದ್ದಿನ ಕುರಿತಾಗಿರುವುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಉಳಿದ ದಿನಗಳಲ್ಲಿ ಕಡಲಿನ ಉಪ್ಪುಗಾಳಿ ಬೀಸುವ ನಮ್ಮ ಕರಾವಳಿಯಲ್ಲಿ ಕಾರಿನ ಸೈಲೆನ್ಸರ್ ಘಟ್ಟದ ಮೇಲಿನ ಊರುಗಳಲ್ಲಿ ಬಾಳುವಷ್ಟು ಕಾಲ ಬಾಳುವುದಿಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ ತೂತು ಬಿದ್ದದ್ದನ್ನು ತೆಗೆಸಿ ಬೇರೊಂದನ್ನು ಹಾಕಿಸುವವರು ಹೆಚ್ಚುತ್ತಾರೆ. ಅದಾದ ಕೆಲವೇ ವಾರಗಳಲ್ಲಿ ಈ ಬಗೆಯ ಪತ್ರಗಳು ಬರತೊಡಗುತ್ತವೆ.

ಪ್ರಶ್ನೆ: ನನ್ನದು ಏಳು ವರ್ಷ ಹಳೆಯದಾದ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಹಿಂದಿನ ಸೈಲೆನ್ಸರ್ ತುಕ್ಕು ತಿಂದು ಹೋದದ್ದರಿಂದ ಪೇಟೆಯಲ್ಲಿ ಸಿಕ್ಕಿದ ಬೇರೊಂದನ್ನು ಹಾಕಿಸಿದೆ. ಅಂದಿನಿಂದ ಗಂಟೆಗೆ 80ರಿಂದ 90 ಕಿಲೋಮೀಟರ್ ವೇಗದಲ್ಲಿ ಕಾರಿನೊಳಗೆ ಗುಂಯ್ ಎಂಬ ದಪ್ಪ ಸದ್ದು ತುಂಬಿಕೊಳ್ಳುತ್ತದೆ. ಹೊರಗೆ ನಿಂತವರಿಗೆ ಅದು ಕೇಳಿಸುವುದೇ ಇಲ್ಲ. ಪ್ರತಿ ವಾರ ಆಸ್ಪತ್ರೆಗೆಂದು ಮಂಗಳೂರಿಗೆ ಕರೆದುಕೊಂಡು ಹೋಗುವ ನನ್ನ ಅಮ್ಮನಿಗೆ ಹಿಂದಿನ ಸೀಟಿನಲ್ಲಿ ಕುಳಿತು ಪಡುಬಿದ್ರಿ ದಾಟುವಷ್ಟರಲ್ಲಿ ತಲೆ ಸಿಡಿಯತೊಡಗುತ್ತದೆ. ಒಬ್ಬ ಮೆಕ್ಯಾನಿಕ್ ಗ್ಲಾಸ್ ವೂಲ್ (ಗಾಜಿನ ಎಳೆಗಳ ಉಣ್ಣೆ) ತುಂಬಿದ ರೆಸೊನೇಟರ್ ಎಂಬ ಸದ್ದು ತಗ್ಗಿಸುವ ಡಬ್ಬಿ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ತುದಿ ಮುಚ್ಚಿದ ಪೈಪೊಂದನ್ನು ಬೆಸುಗೆ ಹಾಕಿದರೆ ಸಾಕು ಎನ್ನುತ್ತಾರೆ. ಯಾರ ಮಾತು ಸರಿ?
— ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಎರಡನೆಯವರ ಮಾತು ಸರಿ. ಆದರೆ ಅವರು ಬೆಸುಗೆಗೆ ಕೈ ಹಾಕುವ ಮೊದಲು ನೀವು ಮಾಡಬೇಕಾದ ಕೆಲಸ ಸ್ವಲ್ಪ ಇದೆ.

ನಿಮ್ಮ ಅಮ್ಮನ ತಲೆನೋವನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡಬೇಡಿ ಎಂದು ಮೊದಲಿಗೆ ಹೇಳಬಯಸುತ್ತೇನೆ. ನೂರು ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ ನೂರು ಕಂಪನಗಳಿಗಿಂತ, ಕೆಳಗಿನ ಈ ಸದ್ದು ಕಿವಿಗೆ ಕೇಳಿಸುವುದಕ್ಕಿಂತ ಹೆಚ್ಚಾಗಿ ಕಿವಿಯನ್ನು ಒತ್ತಿದಂತೆ ಅನ್ನಿಸುತ್ತದೆ. ಬಾಗಿಲು, ಕಿಟಕಿ ಮುಚ್ಚಿದ ಕಾರಿನ ಒಳಭಾಗವು ಎರಡು, ಎರಡೂವರೆ ಮೀಟರ್ ಉದ್ದದ ಒಂದು ಪೆಟ್ಟಿಗೆಯಿದ್ದಂತೆ. ಅಂಥ ಪೆಟ್ಟಿಗೆಯೊಳಗಿನ ಗಾಳಿಗೆ ತನ್ನದೇ ಆದ ಒಂದು ಸ್ವರವಿರುತ್ತದೆ, ಅದು ಸುಮಾರು 70ರಿಂದ 85 ಹರ್ಟ್ಸ್‌ನ ಆಸುಪಾಸಿನಲ್ಲಿ ಬೀಳುತ್ತದೆ. ಹೊರಗಿನಿಂದ ಅದೇ ಸ್ವರ ಬಂದು ತಾಗಿದಾಗ ಒಳಗಿನ ಗಾಳಿಯೂ ಜೊತೆಗೂಡಿ ಮೊಳಗುತ್ತದೆ, ಆಗ ಒತ್ತಡದ ಏರಿಳಿತವು ಪೆಟ್ಟಿಗೆಯ ನಡುವಿನಲ್ಲಿ ಕಡಿಮೆಯಾಗಿ ಎರಡು ತುದಿಗಳಲ್ಲಿ ಅತಿ ಹೆಚ್ಚಾಗಿರುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತವರ ತಲೆ ಆ ತುದಿಗೆ ಹತ್ತಿರವಿರುವುದರಿಂದ ಸ್ಟೀರಿಂಗ್ ಹಿಡಿದ ನಿಮಗಿಂತ ಅವರಿಗೆ ಇದರ ಬಾಧೆ ಹೆಚ್ಚು.

ಇನ್ನು ಆ ಸ್ವರ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ನೋಡೋಣ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತು ತಿರುಗುವಾಗ ಎರಡು ಸಿಲಿಂಡರುಗಳು ಉರಿಯುತ್ತವೆ, ಅಂದರೆ ಹೊಗೆ ಹೊರಹೋಗುವ ಎಕ್ಸಾಸ್ಟ್ ಪೈಪಿಗೆ ಪ್ರತಿ ಸುತ್ತಿನಲ್ಲೂ ಎರಡು ಬಡಿತಗಳು ಬೀಳುತ್ತವೆ. ನಿಮಿಷಕ್ಕೆ 2,400 ಸುತ್ತುಗಳಿದ್ದರೆ ಸೆಕೆಂಡಿಗೆ 40 ಸುತ್ತುಗಳಾದವು, ಬಡಿತಗಳು 80 ಆದವು; ಅದೇ 80 ಹರ್ಟ್ಸ್. 2,700ಕ್ಕೆ ಹೋದರೆ 90 ಹರ್ಟ್ಸ್. ಆರ್‌ಪಿಎಂ ಅನ್ನು, ಅಂದರೆ ನಿಮಿಷದ ಸುತ್ತುಗಳನ್ನು, 30ರಿಂದ ಭಾಗಿಸಿದರೆ ನಾಲ್ಕು ಸಿಲಿಂಡರಿನ ಯಾವ ಕಾರಿಗೂ ಈ ಲೆಕ್ಕ ಸಿಗುತ್ತದೆ. ಟಾಪ್ ಗೇರಿನಲ್ಲಿ 80, 90ರ ವೇಗ ಎಂದರೆ ನಿಮ್ಮಂಥ ಕಾರಿನಲ್ಲಿ ಎಂಜಿನ್ ಹೆಚ್ಚುಕಡಿಮೆ ಇದೇ ಆರ್‌ಪಿಎಂನಲ್ಲಿ ತಿರುಗುತ್ತಿರುತ್ತದೆ. ಕಂಪನಿಯಿಂದ ಬಂದ ಸೈಲೆನ್ಸರಿನ ಒಳಗೆ ಅಡ್ಡಗೋಡೆಗಳೂ ಕೋಣೆಗಳೂ ಇದ್ದು, ಆ ಕಾರಿನ ಒಳಭಾಗ ಮೊಳಗುವ ಸ್ವರ ಯಾವುದೆಂದು ತಿಳಿದೇ ಅವುಗಳ ಅಳತೆಯನ್ನು ನಿಗದಿ ಮಾಡಿರುತ್ತಾರೆ. ಪೇಟೆಯಲ್ಲಿ ಸಿಗುವುದು ಹೊರಗಿನ ಆಕಾರದಲ್ಲಿ ಅದರಂತೆಯೇ ಇದ್ದರೂ ಒಳಗೆ ಎಷ್ಟೋ ಸಲ ತೂತು ಕೊರೆದ ಒಂದು ನೇರ ಪೈಪು, ಅದರ ಸುತ್ತ ಗ್ಲಾಸ್ ವೂಲ್ ಮಾತ್ರ ಇರುತ್ತದೆ.

ಮೊದಲನೆಯ ಮೆಕ್ಯಾನಿಕ್ ಹೇಳಿದ್ದು ಇದಕ್ಕೇ ಇನ್ನೊಂದನ್ನು ಸೇರಿಸುವ ಉಪಾಯ. ಗ್ಲಾಸ್ ವೂಲ್ ಕೆಟ್ಟ ವಸ್ತುವಲ್ಲ. ಕರ್ಕಶವಾದ, ಎತ್ತರದ ಸ್ವರಗಳನ್ನು ಅದು ಚೆನ್ನಾಗಿ ಹೀರಿಕೊಳ್ಳುತ್ತದೆ. ಆದರೆ ಬಿಸಿಯಾದ ಹೊಗೆಯಲ್ಲಿ 80 ಹರ್ಟ್ಸ್‌ನ ಒಂದು ಅಲೆಯ ಉದ್ದ ಐದು ಮೀಟರಿಗೂ ಹೆಚ್ಚು. ನಾಲ್ಕು ಬೆರಳು ದಪ್ಪದ ಉಣ್ಣೆಗೆ ಅಷ್ಟು ಉದ್ದದ ಅಲೆಯನ್ನು ತಡೆಯುವ ಶಕ್ತಿಯಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಅದನ್ನು ಹಾಕಿಸಿಕೊಂಡವರಿಗೆ ಚುರುಕು ಸದ್ದು ಕಡಿಮೆಯಾಗಿ, ಗುಂಯ್ ಎಂಬುದು ಮೊದಲಿಗಿಂತಲೂ ಎದ್ದು ಕೇಳುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ತುದಿ ಮುಚ್ಚಿದ ಪೈಪು ಕೆಲಸ ಮಾಡುವ ರೀತಿಯೇ ಬೇರೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಭೌತಶಾಸ್ತ್ರ ಪ್ರಯೋಗಾಲಯದ ಅನುರಣನ ನಳಿಕೆ ನೆನಪಿರಬಹುದು. ಉದ್ದನೆಯ ಗಾಜಿನ ನಳಿಕೆಯಲ್ಲಿ ನೀರನ್ನು ಏರಿಸುತ್ತ ಇಳಿಸುತ್ತ, ಬಾಯಿಯ ಬಳಿ 512 ಹರ್ಟ್ಸ್‌ನ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಬಡಿದು ಹಿಡಿದರೆ, ನೀರಿನ ಮೇಲೆ ಸುಮಾರು 16 ಸೆಂಟಿಮೀಟರ್ ಗಾಳಿ ಉಳಿದಾಗ ನಳಿಕೆ ಒಮ್ಮೆಲೇ ಮೊಳಗುತ್ತದೆ. ಆ 16 ಸೆಂಟಿಮೀಟರ್ ಎನ್ನುವುದು ಅಲೆಯ ಉದ್ದದ ಕಾಲು ಭಾಗ. ಎಕ್ಸಾಸ್ಟ್ ಪೈಪಿನ ಪಕ್ಕಕ್ಕೆ ಅಂಥದೇ ಒಂದು ಕವಲನ್ನು ಜೋಡಿಸಿ ತುದಿಯನ್ನು ಮುಚ್ಚಿದರೆ, ಕವಲಿನೊಳಕ್ಕೆ ಹೊಕ್ಕ ಅಲೆ ಮುಚ್ಚಿದ ತುದಿಗೆ ಬಡಿದು ಹಿಂದಿರುಗುವಾಗ ಒಟ್ಟು ಅರ್ಧ ಅಲೆಯಷ್ಟು ದಾರಿ ಸವೆಸಿರುತ್ತದೆ. ಆದ್ದರಿಂದ ಮುಖ್ಯ ಪೈಪಿನಲ್ಲಿ ಬರುತ್ತಿರುವ ಅಲೆ ಉಬ್ಬುವ ಹೊತ್ತಿಗೆ ಇದು ತಗ್ಗಾಗಿ ಬಂದು ಸೇರುತ್ತದೆ, ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ. ಹೊಗೆ ಆ ಕವಲಿನ ಮೂಲಕ ಹಾಯುವುದಿಲ್ಲವಾದ್ದರಿಂದ ಎಂಜಿನ್ನಿಗೆ ಉಸಿರು ಕಟ್ಟುವ ಭಯವೂ ಇಲ್ಲ. ಇಷ್ಟು ಸರಳವಾದ, ಒಳಗೆ ಸವೆಯುವ ಯಾವ ಭಾಗವೂ ಇಲ್ಲದ ಪರಿಹಾರ ವಾಹನದ ಕೆಲಸದಲ್ಲಿ ಅಪರೂಪ ಎಂದೇ ನನ್ನ ಭಾವನೆ.

ಮಿತಿಯೊಂದಿದೆ. ಇದು ಒಂದೇ ಸ್ವರಕ್ಕೆ ಮದ್ದು. ಆದ್ದರಿಂದ ಆ ಸ್ವರ ನಿಜಕ್ಕೂ ಎಕ್ಸಾಸ್ಟಿನದ್ದೇ ಎಂದು ಖಾತ್ರಿಯಾಗದೆ ಪೈಪು ಕೊಯ್ಯಿಸಬೇಡಿ. ಸದ್ದು ಬರುವ ಆರ್‌ಪಿಎಂ ಗುರುತಿಟ್ಟುಕೊಂಡು, ಒಂದು ಗೇರು ಕೆಳಗಿಳಿಸಿ ಅದೇ ಆರ್‌ಪಿಎಂಗೆ ಬನ್ನಿ. ವೇಗ ಬೇರೆಯಾದರೂ ಸದ್ದು ಹಾಗೆಯೇ ಇದ್ದರೆ ಅದು ಎಂಜಿನ್ ಕಡೆಯದ್ದು. ಗೇರು ಬದಲಾದರೂ ಅದೇ ವೇಗಕ್ಕೆ ಬಂದರೆ ಚಕ್ರದ ಬೇರಿಂಗ್ ಅಥವಾ ಟಯರನ್ನು ನೋಡಬೇಕು. ಶಿರಾಡಿ ಘಾಟಿಯ ಕಾಂಕ್ರೀಟ್ ರಸ್ತೆಯಲ್ಲಿ ಮಾತ್ರ ಕೇಳಿಸುವ ಮೊರೆತ ಟಯರಿನದ್ದೇ, ಅದಕ್ಕೆ ಸೈಲೆನ್ಸರನ್ನು ದೂರುವಂತಿಲ್ಲ. ಎಂಜಿನ್ ಕಡೆಯದ್ದೆಂದು ತಿಳಿದ ಮೇಲೆ ಕಾರನ್ನು ಲಿಫ್ಟಿಗೆ ಹಾಕಿಸಿ ಸೈಲೆನ್ಸರನ್ನು ತೂಗುಹಾಕುವ ರಬ್ಬರ್ ಹ್ಯಾಂಗರುಗಳನ್ನು ಒಂದೊಂದಾಗಿ ಕೈಯಿಂದ ಅಲ್ಲಾಡಿಸಿ ನೋಡಿ. ಹೊಸ ಸೈಲೆನ್ಸರ್ ಹಾಕುವಾಗ ಅಳತೆ ಸರಿಬಾರದೆ ಪೈಪನ್ನು ಎಳೆದು ಕೂರಿಸಿದ್ದರೆ ರಬ್ಬರ್ ಬಿಗಿದುಕೊಂಡು, ನಡುಕವೆಲ್ಲ ನೇರವಾಗಿ ಕಾರಿನ ತಳಕ್ಕೆ ಹೋಗುತ್ತದೆ. ಪೈಪು ಎಲ್ಲಾದರೂ ತಳದ ತಗಡಿಗೆ ತಾಗುತ್ತಿದ್ದರೂ ಹಾಗೆಯೇ. ಎಂಜಿನ್ನನ್ನು ಹೊತ್ತಿರುವ ರಬ್ಬರಿನ ಎಂಜಿನ್ ಮೌಂಟಿಂಗ್ ಕೂಡ ಏಳು ವರ್ಷದ ಕಾರಿನಲ್ಲಿ ಕುಸಿದಿರಬಹುದು. ಇವೆಲ್ಲ ಕೆಲವೇ ನೂರು ರೂಪಾಯಿಗಳಲ್ಲಿ ಅಥವಾ ಒಂದೆರಡು ಸಾವಿರದಲ್ಲಿ ಮುಗಿಯುವ ಕೆಲಸಗಳು. ಕೊನೆಯದಾಗಿ, ಸದ್ದು ಬರುತ್ತಿರುವಾಗ ಹಿಂದಿನ ಕಿಟಕಿಯನ್ನು ಎರಡು ಬೆರಳಿನಷ್ಟು ಇಳಿಸಿ; ಗುಂಯ್ ಎಂಬುದು ಥಟ್ಟನೆ ತಗ್ಗಿದರೆ ಕಾರಿನೊಳಗಿನ ಗಾಳಿ ಮೊಳಗುತ್ತಿತ್ತೆಂಬುದು ಖಚಿತ.

ಇಷ್ಟೆಲ್ಲ ಸರಿಯಿದ್ದೂ ಸದ್ದು ಉಳಿದರೆ, ಮತ್ತು ಕಂಪನಿಯ ಅಸಲಿ ಸೈಲೆನ್ಸರ್ ಇನ್ನೂ ಸಿಗುವುದಾದರೆ, ಅದನ್ನೇ ಹಾಕಿಸುವುದು ಎಲ್ಲಕ್ಕಿಂತ ಒಳ್ಳೆಯದು. ಸಿಗದಿದ್ದರೆ ಕವಲು ಪೈಪಿನ ಕೆಲಸಕ್ಕೆ ಹೊರಡಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಅಪ್ಪನ ಕಾರಿನಲ್ಲಿ 2,520 ಆರ್‌ಪಿಎಂನಲ್ಲಿ ಬರುತ್ತಿದ್ದ ಗುಂಯ್ ಸದ್ದಿಗೆ 84 ಹರ್ಟ್ಸ್ ಎಂದು ಲೆಕ್ಕ ಹಾಕಿ, ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂದು ಹಿಡಿದು, 102 ಸೆಂಟಿಮೀಟರ್ ಉದ್ದದ ಕವಲು ಪೈಪನ್ನು ಹಾಕಿಸಿದೆ. ಹಳೆಯ ಸದ್ದು ಹಾಗೆಯೇ ಇದೆ. ಆದರೆ 3,000 ಆರ್‌ಪಿಎಂ ಹತ್ತಿರ ಕಾರು ವಿಚಿತ್ರವಾಗಿ ಮೌನವಾಗುತ್ತದೆ. ತಪ್ಪಿದ್ದೆಲ್ಲಿ?
— ಓದುಗರೊಬ್ಬರು, ಸುರತ್ಕಲ್

ಉತ್ತರ: ನಿಮ್ಮ ಪೈಪು ಸರಿಯಾಗಿಯೇ ಕೆಲಸ ಮಾಡುತ್ತಿದೆ, ಆದರೆ ಬೇರೆ ಸ್ವರಕ್ಕೆ. ನೀವು ಹಿಡಿದ 343 ಎಂಬುದು 20 ಡಿಗ್ರಿ ಸೆಲ್ಸಿಯಸ್‌ನ ಗಾಳಿಯಲ್ಲಿ ಶಬ್ದದ ವೇಗ. ಬಿಸಿ ಏರಿದಂತೆ ಶಬ್ದದ ವೇಗವೂ ಏರುತ್ತದೆ. ಸೆಲ್ಸಿಯಸ್ ಅಂಕಿಗೆ 273 ಕೂಡಿಸಿ, ಅದರ ವರ್ಗಮೂಲವನ್ನು 20ರಿಂದ ಗುಣಿಸಿದರೆ ಕೆಲಸಕ್ಕೆ ಬೇಕಾದಷ್ಟು ನಿಖರವಾದ ಉತ್ತರ ಸಿಗುತ್ತದೆ. 150 ಡಿಗ್ರಿಯಲ್ಲಿ ಅದು ಸುಮಾರು 412 ಮೀಟರ್. 300 ಡಿಗ್ರಿಯಲ್ಲಿ ಸುಮಾರು 480. ಮುಖ್ಯ ಪೈಪಿನಲ್ಲಿ ಹಾಯುವ ಹೊಗೆಗಿಂತ ಕವಲಿನೊಳಗೆ ನಿಂತಿರುವ ಹೊಗೆ ತಂಪಾಗಿರುತ್ತದೆ, ಬಾಯಿಯ ಬಳಿ ಹೆಚ್ಚು ಬಿಸಿ, ಮುಚ್ಚಿದ ತುದಿಯಲ್ಲಿ ಕಡಿಮೆ. ಸರಾಸರಿ 150 ಡಿಗ್ರಿ ಎಂದು ಹಿಡಿದರೆ ನಿಮ್ಮ 102 ಸೆಂಟಿಮೀಟರ್ ಪೈಪು 101 ಹರ್ಟ್ಸ್‌ಗೆ, ಅಂದರೆ 3,030 ಆರ್‌ಪಿಎಂಗೆ ಹೊಂದುತ್ತದೆ. ನೀವು ಕಂಡದ್ದೂ ಅದನ್ನೇ. 84 ಹರ್ಟ್ಸ್‌ಗೆ ಬೇಕಾಗಿದ್ದುದು ಸುಮಾರು 122 ಸೆಂಟಿಮೀಟರ್. ಬಾಯಿಯ ಹೊರಗಿನ ಗಾಳಿಯೂ ಸ್ವಲ್ಪ ಜೊತೆಗೆ ಅಲುಗಾಡುವುದರಿಂದ 50 ಮಿಲಿಮೀಟರ್ ವ್ಯಾಸದ ಪೈಪಿನಲ್ಲಿ ಅದರಿಂದ ಒಂದೆರಡು ಸೆಂಟಿಮೀಟರ್ ಕಳೆಯಬಹುದು.

ಆದರೂ ಕಾಗದದ ಮೇಲಿನ ಲೆಕ್ಕವನ್ನೇ ನಂಬಿ ಪೂರ್ತಿ ಬೆಸುಗೆ ಹಾಕಿಸಬಾರದು. ನನ್ನ ಕಾರಿಗೆ ಈ ಕೆಲಸವನ್ನು ಬೈಕಂಪಾಡಿಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಮಾಡಿಸಿದಾಗ ಕವಲಿನ ತುದಿಯ ಭಾಗವನ್ನು ಒಂದರೊಳಗೊಂದು ಜಾರುವ ಎರಡು ಪೈಪುಗಳಿಂದ ಮಾಡಿ, ಕ್ಲಾಂಪಿನಿಂದ ಬಿಗಿದುಕೊಂಡಿದ್ದೆವು. ಮೊದಲು 105 ಸೆಂಟಿಮೀಟರಿಗೆ ನಿಲ್ಲಿಸಿ ಮುಲ್ಕಿಯವರೆಗೆ ಹೋಗಿ ಬಂದೆ, ಆಮೇಲೆ ಪೈಪು ತಣಿಯುವವರೆಗೆ ಕಾದು ನಾಲ್ಕು ಸೆಂಟಿಮೀಟರ್ ಎಳೆದು ಮತ್ತೆ ಹೋದೆ. ಹಿಂದಿನ ಸೀಟಿನಲ್ಲಿ ಕುಳಿತಿದ್ದ ಗೆಳೆಯರು ಪ್ರತಿ ಸಲವೂ ಹಿಂದಕ್ಕೆ ಕೈಚಾಚಿ ಡಿಕ್ಕಿಯ ಮೇಲಿನ ಟ್ರೇಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು. ಸದ್ದು ಬಂದಾಗ ಅದು ಜುಮ್ಮೆನ್ನುತ್ತಿತ್ತು. ನಾಲ್ಕನೆಯ ಸಲ 117ಕ್ಕೆ ಎಳೆದಾಗ ಜುಮ್ಮೆನ್ನುವುದು ಅರ್ಧಕ್ಕಿಳಿಯಿತು. ಐದನೆಯ ಸಲ, 121 ಸೆಂಟಿಮೀಟರಿನಲ್ಲಿ, ಹಳೆಯಂಗಡಿ ಹತ್ತಿರ ಅವರು ಕೈಯನ್ನು ಅಲ್ಲೇ ಇಟ್ಟುಕೊಂಡು, ಸದ್ದಿನ ಆರ್‌ಪಿಎಂ ಇನ್ನೂ ಬಂದಿಲ್ಲವೇ ಎಂದು ಕೇಳಿದರು. ಆಗ ಸೂಜಿ ಅದೇ ಜಾಗದಲ್ಲಿ ಎರಡು ಕಿಲೋಮೀಟರಿನಿಂದ ನಿಂತಿತ್ತು. ಭಾಗವತರ ಶ್ರುತಿಗೆ ಮದ್ದಳೆಯನ್ನು ಕೂಡಿಸಿಕೊಳ್ಳುವಷ್ಟೇ ತಾಳ್ಮೆ ಇದಕ್ಕೂ ಬೇಕು. ಅಳತೆ ಸಿಕ್ಕಿದ ಮೇಲೆ ಜಾರುವ ಭಾಗವನ್ನು ತೆಗೆದು ಅದೇ ಉದ್ದಕ್ಕೆ ಒಂದೇ ಪೈಪಿನಲ್ಲಿ ಮಾಡಿಸಿ, ತುದಿಗೆ 3 ಮಿಲಿಮೀಟರ್ ದಪ್ಪದ ತಗಡು ಕೂರಿಸಿದೆವು. ತೆಳ್ಳನೆಯ ತಗಡಾದರೆ ಅದೇ ಕಂಪಿಸಿ ಇನ್ನೊಂದು ಸದ್ದು ಮಾಡುತ್ತದೆ.

ಅಳೆಯುವ ವಿಚಾರದಲ್ಲಿ ಎರಡು ಮಾತುಗಳು. ಎಂಜಿನ್ ಬಿಸಿಯಾಗದೆ ಪರೀಕ್ಷೆ ಮಾಡಿದರೆ ಅಳತೆ ತಪ್ಪುತ್ತದೆ, ಕನಿಷ್ಠ 20 ನಿಮಿಷ ಹೆದ್ದಾರಿಯಲ್ಲಿ ಓಡಿದ ಮೇಲೆಯೇ ಕಿವಿಗೊಡಿ. ಮೊಬೈಲಿನ ಆ್ಯಪಿನಲ್ಲಿ ಅಳೆಯುವವರು ಅದು ‘ಎ’ ತೂಕದ ಡೆಸಿಬೆಲ್ ತೋರಿಸುತ್ತಿದೆಯೇ ಎಂದು ನೋಡಿಕೊಳ್ಳಿ. ಆ ಮಾಪನವು 80 ಹರ್ಟ್ಸ್‌ನ ಸದ್ದನ್ನು 22 ಡೆಸಿಬೆಲ್ಲಿನಷ್ಟು ಕಡಿಮೆ ಮಾಡಿ ತೋರಿಸುವುದರಿಂದ, ಕಿವಿ ಒತ್ತುವ ಸದ್ದು ಪರದೆಯ ಮೇಲೆ ಇಲ್ಲವೇ ಇಲ್ಲ ಎನ್ನುವಂತೆ ಕಾಣುತ್ತದೆ. ‘ಸಿ’ ತೂಕಕ್ಕೆ ಬದಲಿಸಿಕೊಳ್ಳಿ.

ಕವಲನ್ನು ಎಲ್ಲಿ ಜೋಡಿಸಿದ್ದೀರಿ ಎಂದು ನೀವು ಬರೆದಿಲ್ಲ. ಪೈಪಿನ ಹೊರಬಾಯಿಯ ಹತ್ತಿರ ಒತ್ತಡದ ಏರಿಳಿತ ತೀರ ಕಡಿಮೆ, ಅಲ್ಲಿ ಜೋಡಿಸಿದ ಕವಲಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಹಿಂದಿನ ಸೈಲೆನ್ಸರಿಗಿಂತ ಮುಂದೆ, ನಡುವಿನ ಪೈಪಿನಲ್ಲಿ ಜೋಡಿಸುವುದು ಒಳ್ಳೆಯದು. ಕವಲಿನ ವ್ಯಾಸ ಮುಖ್ಯ ಪೈಪಿನಷ್ಟೇ ಇದ್ದರೆ ಪರಿಣಾಮ ಹೆಚ್ಚು ಆರ್‌ಪಿಎಂ ಅಗಲಕ್ಕೆ ಹರಡುತ್ತದೆ. ಜಾಗವಿಲ್ಲದಿದ್ದರೆ ಕೊಕ್ಕೆಯಂತೆ ಬಗ್ಗಿಸಿ ಮುಖ್ಯ ಪೈಪಿನ ಪಕ್ಕದಲ್ಲೇ ಹಿಂದಕ್ಕೆ ಕೊಂಡೊಯ್ಯಬಹುದು, ಉದ್ದವನ್ನು ಮಾತ್ರ ಬಾಗಿನ ನಡುಗೆರೆಯ ಮೇಲೆ ಅಳೆಯಬೇಕು. ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪುಗಳಿಂದ ದೂರವಿರಲಿ. ಸುಮಾರು 2 ಕಿಲೋ ತೂಗುವ ಈ ಪೈಪಿಗೆ ತನ್ನದೇ ಆದ ಒಂದು ರಬ್ಬರ್ ಹ್ಯಾಂಗರ್ ಕೊಡದಿದ್ದರೆ ಬೆಸುಗೆಯ ಬುಡ ಕೆಲವೇ ತಿಂಗಳುಗಳಲ್ಲಿ ಬಿರುಕು ಬಿಡುತ್ತದೆ.

ಪ್ರಶ್ನೆ: ಮೂರು ಸಿಲಿಂಡರಿನ ನನ್ನ ಕಾರಿನಲ್ಲಿ 2,000 ಆರ್‌ಪಿಎಂ ಸುತ್ತಮುತ್ತ ಈ ಸದ್ದು ಇದೆ. ಇದಕ್ಕೂ ಅದೇ ಪರಿಹಾರವೇ?
— ಓದುಗರೊಬ್ಬರು, ಕುಂದಾಪುರ

ಉತ್ತರ: ತತ್ವ ಅದೇ, ಅಳತೆ ಬೇರೆ. ಮೂರು ಸಿಲಿಂಡರಿನಲ್ಲಿ ಪ್ರತಿ ಸುತ್ತಿನಲ್ಲೂ ಒಂದೂವರೆ ಬಡಿತ, ಆದ್ದರಿಂದ 2,000 ಆರ್‌ಪಿಎಂ ಎಂದರೆ 50 ಹರ್ಟ್ಸ್. ಅದಕ್ಕೆ ಬೇಕಾಗುವ ಕವಲಿನ ಉದ್ದ ಎರಡು ಮೀಟರಿಗೂ ಹೆಚ್ಚು. ಚಿಕ್ಕ ಕಾರಿನ ಹೊಟ್ಟೆಯ ಕೆಳಗೆ ಅಷ್ಟು ಜಾಗ ಎಲ್ಲಿಂದ ತರುವುದು? ಇಂಥಲ್ಲಿ 19ನೆಯ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಅವರ ಹೆಸರು ಹೊತ್ತ ಇನ್ನೊಂದು ಬಗೆಯ ರೆಸೊನೇಟರ್ ಅನುಕೂಲ. ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದರೆ ದಪ್ಪ ಸ್ವರವೊಂದು ಬರುತ್ತದಲ್ಲ, ಅದೇ ಇದು: ಕಿರಿದಾದ ಕುತ್ತಿಗೆ, ಅದರ ಹಿಂದೆ ಒಂದು ಡಬ್ಬಿ. ಕುತ್ತಿಗೆಯೊಳಗಿನ ಗಾಳಿ ಭಾರದಂತೆಯೂ ಡಬ್ಬಿಯ ಗಾಳಿ ಸ್ಪ್ರಿಂಗಿನಂತೆಯೂ ವರ್ತಿಸುತ್ತವೆ. 30 ಮಿಲಿಮೀಟರ್ ವ್ಯಾಸದ, ಸುಮಾರು 15 ಸೆಂಟಿಮೀಟರ್ ಪರಿಣಾಮಕಾರಿ ಉದ್ದದ ಕುತ್ತಿಗೆಗೆ 8 ಲೀಟರಿನ ಡಬ್ಬಿ ಸಾಕಾಗುತ್ತದೆ. ಅದು 16 ಸೆಂಟಿಮೀಟರ್ ವ್ಯಾಸ, 40 ಸೆಂಟಿಮೀಟರ್ ಉದ್ದದ ಡಬ್ಬಿಯಾಯಿತು. ಕುತ್ತಿಗೆಯನ್ನು ಮೊದಲು ಸ್ವಲ್ಪ ಉದ್ದವಾಗಿಯೇ ಇಟ್ಟು, ಕೊಯ್ಯುತ್ತಾ ಬಂದು ಸ್ವರ ಕೂಡಿಸಿಕೊಳ್ಳಿ. ಕೊಯ್ದದ್ದನ್ನು ಮತ್ತೆ ಸೇರಿಸುವುದು ಕಷ್ಟ. ಮೂರು ಸಿಲಿಂಡರಿನ ಎಂಜಿನ್ ಸಹಜವಾಗಿಯೇ ಹೆಚ್ಚು ನಡುಗುವುದರಿಂದ, ನಿಮ್ಮ ವಿಷಯದಲ್ಲಿ ಎಂಜಿನ್ ಮೌಂಟಿಂಗ್ ಪರೀಕ್ಷೆ ಇನ್ನೂ ಮುಖ್ಯ.

ಪ್ರಶ್ನೆ: ನನ್ನ ಮಗ ಇಂಥದೊಂದು ಪೈಪನ್ನು ಮನೆಯ ಕಾರಿಗೆ ಹಾಕಿಸಬೇಕೆಂದಿದ್ದಾನೆ. ಪೊಲೀಸರು, ಆರ್‌ಟಿಒ ತಕರಾರು ತೆಗೆಯುವುದಿಲ್ಲವೇ? ನಮ್ಮ ಮಳೆಗೆ ಅದು ಎಷ್ಟು ದಿನ ಬಾಳೀತು?
— ಓದುಗರೊಬ್ಬರು, ಮಣಿಪಾಲ

ಉತ್ತರ: ನಿಮ್ಮ ಕಾಳಜಿ ಸರಿಯಾದದ್ದೇ, ಅಮ್ಮಾ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಶಬ್ದ ಮತ್ತು ಹೊಗೆಯ ನಿಯಮಗಳನ್ನು ಮೀರಿದರೆ 190ನೆಯ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ಮತ್ತು ಮೂರು ತಿಂಗಳು ಲೈಸೆನ್ಸ್ ಅನರ್ಹತೆಗೆ ಅವಕಾಶವಿದೆ. ಆ ದಂಡ ಸದ್ದು ಹೆಚ್ಚಿಸಲೆಂದು ಸೈಲೆನ್ಸರ್ ಕಿತ್ತವರಿಗೆ ಬೀಳುವುದೇ ಹೆಚ್ಚು. ಮಗ ಮಾಡಹೊರಟಿರುವುದು ಅದಕ್ಕೆ ತದ್ವಿರುದ್ಧವಾದ ಕೆಲಸ. ಹಾಗಿದ್ದರೂ ಕೆಲಸಕ್ಕೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿಕೊಳ್ಳುವುದು ಉತ್ತಮ. ಕಾರು ವಾರಂಟಿಯಲ್ಲಿದ್ದರೆ ಕೈ ಹಾಕದಿರುವುದೇ ಒಳ್ಳೆಯದು, ಆಗ ಸದ್ದಿನ ದೂರನ್ನು ಕಂಪನಿಯ ಸರ್ವಿಸ್ ಸೆಂಟರಿಗೇ ಬರೆದು ಕೊಡಿ. ವಾರಂಟಿ ಮುಗಿದಿದ್ದರೆ, ಮೂಲ ಪೈಪನ್ನು ಕೊಯ್ಯದೆ, ಕವಲಿರುವ ತುಂಡೊಂದನ್ನು ಬೇರೆಯಾಗಿ ಮಾಡಿಸಿ ಫ್ಲೇಂಜ್ ಬೋಲ್ಟುಗಳಿಂದ ಕೂಡಿಸುವಂತೆ ಮಗನಿಗೆ ಹೇಳಿ. ಬೇಡವೆನಿಸಿದ ದಿನ ಹಳೆಯದನ್ನು ಮತ್ತೆ ಕೂರಿಸಬಹುದು. ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರುಗಳನ್ನೂ ಯಾವ ಕಾರಣಕ್ಕೂ ಮುಟ್ಟಬಾರದು. ಅವುಗಳ ಹತ್ತಿರ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ಸೋರಿಕೆಯಿದ್ದರೂ ಹೊರಗಿನ ಗಾಳಿ ಒಳನುಗ್ಗಿ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ, ಎಂಜಿನ್ ಬೇಡದಷ್ಟು ಪೆಟ್ರೋಲ್ ಕುಡಿಯತೊಡಗುತ್ತದೆ.

ಬಾಳಿಕೆಯ ವಿಷಯದಲ್ಲಿ ಹೊರಗಿನ ಮಳೆಗಿಂತ ಒಳಗಿನ ನೀರು ಹೆಚ್ಚು ಅಪಾಯಕಾರಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಎಕ್ಸಾಸ್ಟಿಗೆ ಬರುತ್ತದೆ. ಮುಖ್ಯ ಪೈಪಿನಲ್ಲಿ ಅದು ಹೊಗೆಯೊಂದಿಗೆ ಹೊರಟುಹೋಗುತ್ತದೆ, ಆದರೆ ಮುಚ್ಚಿದ ಕವಲಿನ ತಣ್ಣನೆಯ ತುದಿಯಲ್ಲಿ ಹನಿಗಟ್ಟಿ ನಿಲ್ಲುತ್ತದೆ. ಮಣಿಪಾಲದಿಂದ ಉಡುಪಿ ಪೇಟೆಗೆ ಇಳಿದು ಮರಳುವಂಥ ಸಣ್ಣ ಓಡಾಟದಲ್ಲಿ ಪೈಪು ಪೂರ್ತಿ ಬಿಸಿಯಾಗುವುದೇ ಇಲ್ಲವಾದ್ದರಿಂದ ಆ ನೀರು ಆರುವುದೂ ಇಲ್ಲ. ಅದರಿಂದ ತುಕ್ಕು ಹಿಡಿಯುವುದು ಒಂದು ತೊಂದರೆ. ಇನ್ನೊಂದು, ಮೇಲೆ ಹೇಳಿದ ಪ್ರಯೋಗಾಲಯದ ನಳಿಕೆಯಲ್ಲಿ ನೀರು ಏರಿದಂತೆ ಸ್ವರ ಬದಲಾಗುವ ಹಾಗೆಯೇ, ಕವಲಿನಲ್ಲಿ ಐದು ಸೆಂಟಿಮೀಟರ್ ನೀರು ನಿಂತರೆ ಪೈಪು ಅಷ್ಟು ಗಿಡ್ಡವಾದಂತಾಗಿ, ಅಳಿಸಬೇಕಾದ ಸ್ವರವನ್ನು ಬಿಟ್ಟು ಬೇರೆಯದನ್ನು ಅಳಿಸತೊಡಗುತ್ತದೆ. ಆದ್ದರಿಂದ ಮುಚ್ಚಿದ ತುದಿ ಬಾಯಿಗಿಂತ ಸ್ವಲ್ಪ ಮೇಲಿರುವಂತೆ ಇಳಿಜಾರು ಕೊಡಬೇಕು, ನೀರು ತಾನಾಗಿ ಮುಖ್ಯ ಪೈಪಿಗೆ ಹರಿಯುತ್ತದೆ. ಅದು ಸಾಧ್ಯವಿಲ್ಲದ ಕಡೆ ತಗ್ಗಿನ ಜಾಗದಲ್ಲಿ 2 ಅಥವಾ 3 ಮಿಲಿಮೀಟರಿನ ಒಂದು ತೂತು ಕೊರೆಸಿ. ಅಷ್ಟು ಚಿಕ್ಕ ತೂತಿನಿಂದ ಪರಿಣಾಮ ಕುಂದುವುದು ಅತ್ಯಲ್ಪ. ಸಾದಾ ಕಬ್ಬಿಣದ ಪೈಪು ಅಗ್ಗವೆಂದು ಒಪ್ಪಿಕೊಳ್ಳಬೇಡಿ, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನೇ ಕೇಳಿ, ಟಿಗ್ ವೆಲ್ಡಿಂಗ್ ಮಾಡಿಸಿ. ಪ್ರತಿವರ್ಷ ಜೂನ್ ತಿಂಗಳಿಗೆ ಮುಂಚೆ ಸರ್ವಿಸಿಗೆ ಬಿಟ್ಟಾಗ ಆ ತೂತಿನಲ್ಲಿ ಮಣ್ಣು ಕಟ್ಟಿಕೊಂಡಿದೆಯೇ ಎಂದು ಒಂದು ತಂತಿ ಹಾಕಿ ನೋಡಿಸಿ.